ಶಾಂಪೇನ್ ಹೆಸರಿನ ಪರ್ಫ್ಯೂಮ್‌ಗಳು: ಗುಳ್ಳೆ ನೋಡಿ ಅಲ್ಲ, ತಳ ನೋಡಿ ಆರಿಸಿ

ಫ್ರಾನ್ಸ್‌ನ ಫ್ಯಾಷನ್ ಸಂಸ್ಥೆ ಈವ್ ಸ್ಯಾಂ ಲೊರಾಂ 1993ರಲ್ಲಿ ‘ಶಾಂಪೇನ್’ ಎಂಬ ಹೆಸರಿನಲ್ಲಿ ಮಹಿಳೆಯರ ಪರ್ಫ್ಯೂಮ್ ಒಂದನ್ನು ಹೊರತಂದಿತು. ಮುಂದೆ ಅದರ ಹೆಸರು ‘ಈವ್ರೆಸ್’ ಎಂದಾಯಿತು. ಅದನ್ನು ಹಚ್ಚಿಕೊಂಡ ನಾಲ್ವರನ್ನು ಕೇಳಿದರೆ ನಾಲ್ಕು ಉತ್ತರ ಸಿಗುತ್ತದೆ. ಒಬ್ಬರಿಗೆ ಅದು ರಸ ತುಂಬಿದ ಹಣ್ಣು, ಮತ್ತೊಬ್ಬರಿಗೆ ಹುಳಿ ಬಂದ ಹಣ್ಣು. ಮೂರನೆಯವರಿಗೆ ಮಳೆ ನಿಂತ ಕಾಡಿನ ತೇವ ನೆನಪಾದರೆ ನಾಲ್ಕನೆಯವರು ‘ಇದು ತೀರ ಹಳೆಯ ಕಾಲದ್ದು’ ಎಂದು ಪಕ್ಕಕ್ಕಿಡುತ್ತಾರೆ. ಇಷ್ಟನ್ನು ಕೇಳಿಸಿಕೊಂಡು ಅಂಗಡಿಗೆ ಹೊರಟವರಿಗೆ ಏನೂ ತೋಚದಿರುವುದು ಸಹಜ.

ನನ್ನ ದೃಷ್ಟಿಯಲ್ಲಿ ಈ ನಾಲ್ವರೂ ಸುಳ್ಳು ಹೇಳುತ್ತಿಲ್ಲ. ಅವರ ಕೈಗೆ ಬಂದ ಬಾಟಲಿ ಬೇರೆ ಬೇರೆ ಕಾಲದ್ದು, ಅವರು ಮೂಸಿದ ಹೊತ್ತು ಬೇರೆ, ಮೂಗಿನ ಜಾಯಮಾನವೂ ಬೇರೆ. ಇನ್ನೊಬ್ಬರ ಅಭಿಪ್ರಾಯ ನಮಗೆ ಉಪಯೋಗಕ್ಕೆ ಬರಬೇಕಾದರೆ ಮೊದಲು ಈ ಅಂತರ ಎಲ್ಲಿಂದ ಬಂತು ಎಂದು ತಿಳಿಯಬೇಕು. ಆಮೇಲೆ ಇದೇ ಜಾಡಿನಲ್ಲಿ ಸಿಗುವ ಇನ್ನು ಮೂರು ಪರ್ಫ್ಯೂಮ್‌ಗಳ ಜೊತೆ ಹೋಲಿಸಿ ನೋಡಬಹುದು: ಕಾರೋನ್ ಸಂಸ್ಥೆಯ ‘ರಾಯಲ್ ಬ್ಯಾಂ’, ಲೆ ಲಿಕೀಡ್ ಇಮಾಜಿನೇರ್‌ನ ‘ಡೋಮ್ ರೋಸಾ’, ಬಾತ್ ಅಂಡ್ ಬಾಡಿ ವರ್ಕ್ಸ್‌ನ ‘ಶಾಂಪೇನ್ ಟೋಸ್ಟ್’.

ಒಂದೇ ಪರ್ಫ್ಯೂಮ್, ಹಲವು ಬಾಟಲಿ

ಶಾಂಪೇನ್ ಎನ್ನುವುದು ಫ್ರಾನ್ಸ್‌ನ ಈಶಾನ್ಯ ಭಾಗದ ಒಂದು ಸೀಮೆ. ಅಲ್ಲಿ ಬೆಳೆದ ದ್ರಾಕ್ಷಿಯಿಂದ, ಅಲ್ಲಿಯೇ, ಕಟ್ಟುನಿಟ್ಟಿನ ಕ್ರಮದಲ್ಲಿ ತಯಾರಾದ ಗುಳ್ಳೆ ವೈನ್‌ಗೆ ಮಾತ್ರ ಆ ಹೆಸರಿನ ಹಕ್ಕು. ನಮ್ಮ ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆಗಳಿಗೆ ಸಿಕ್ಕಿರುವ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೇ ಬಗೆಯದು. ಪರ್ಫ್ಯೂಮ್ ಮಾರುಕಟ್ಟೆಗೆ ಬಂದ ಕೂಡಲೇ ಶಾಂಪೇನ್ ವೈನಿನ ಬೆಳೆಗಾರರು ಮತ್ತು ತಯಾರಕರ ಒಕ್ಕೂಟ ನ್ಯಾಯಾಲಯದ ಮೆಟ್ಟಿಲೇರಿತು. ಹೆಸರಷ್ಟೇ ಅಲ್ಲ, ಬಾಟಲಿಯೂ ಶಾಂಪೇನ್ ಬಾಟಲಿಯ ಬಿರಡೆಯನ್ನು, ಅದಕ್ಕೆ ಬಿಗಿದ ತಂತಿಯನ್ನು ನೆನಪಿಸುವಂತಿತ್ತು. 1993ರ ಡಿಸೆಂಬರ್‌ನಲ್ಲಿ ಪ್ಯಾರಿಸ್ಸಿನ ಮೇಲ್ಮನವಿ ನ್ಯಾಯಾಲಯ ಬೆಳೆಗಾರರ ಪರವಾಗಿ ನಿಂತಿತು. ತಲೆಮಾರುಗಳ ದುಡಿಮೆಯಿಂದ ಒಂದು ಹೆಸರಿಗೆ ಬಂದ ಘನತೆಯನ್ನು ಬೇರೆ ಸರಕಿನವರು ತಮ್ಮ ಲಾಭಕ್ಕೆ ಬಳಸಿಕೊಳ್ಳಬಾರದು ಎಂಬುದು ತೀರ್ಪಿನ ಸಾರ. ಈ ತೀರ್ಪು ನನಗೆ ನ್ಯಾಯವಾಗಿಯೇ ಕಾಣುತ್ತದೆ. ಪರ್ಫ್ಯೂಮ್ ಎಷ್ಟೇ ಚೆನ್ನಾಗಿರಲಿ, ದ್ರಾಕ್ಷಿ ಬೆಳೆದವರ ಹೆಸರು ಅವರದ್ದೇ.

ಕೊಳ್ಳುವವರಿಗೆ ಈ ಕತೆ ಗೊತ್ತಿರಬೇಕಾದ ಕಾರಣ ಬೇರೆಯೇ ಇದೆ. ಹಳೆಯ ಹೆಸರಿನಲ್ಲಿ ಕೆಲವು ದೇಶಗಳಲ್ಲಿ ಇನ್ನೂ ಸ್ವಲ್ಪ ಕಾಲ ಮಾರಾಟ ನಡೆಯಿತು. ನಡುವೆ ಸಂಸ್ಥೆಯ ಹೆಸರನ್ನಷ್ಟೇ ಹೊತ್ತ ಬಾಟಲಿಗಳೂ ಬಂದವು. ಆಮೇಲೆ ‘ಈವ್ರೆಸ್’ ಎಂಬ ಹೆಸರು ನಿಂತಿತು. ಇನ್ನೂ ಈಚೆಗೆ, ಸಂಸ್ಥೆಯ ಹಳೆಯ ಪರ್ಫ್ಯೂಮ್‌ಗಳನ್ನು ಮತ್ತೆ ತಂದ ‘ಲಾ ಕಲೆಕ್ಷನ್’ ಸಾಲಿನಲ್ಲಿ ಸರಳವಾದ ಚೌಕ ಬಾಟಲಿಯೂ ಬಂತು. ಇವೆಲ್ಲ ಒಂದೇ ಪರ್ಫ್ಯೂಮ್ ಎಂದು ಜನ ಮಾತನಾಡುತ್ತಾರೆ. ಆದರೆ ಒಳಗಿರುವುದು ಎಲ್ಲದರಲ್ಲೂ ಒಂದೇ ಅಲ್ಲ.

ವ್ಯತ್ಯಾಸಕ್ಕೆ ಮುಖ್ಯ ಕಾರಣ ಓಕ್ ಮರದ ಮೇಲೆ ಬೆಳೆಯುವ ಒಂದು ಕಲ್ಲುಹೂ. ಪರ್ಫ್ಯೂಮ್ ಲೋಕದಲ್ಲಿ ಅದನ್ನು ಓಕ್‌ಮಾಸ್ ಎನ್ನುತ್ತಾರೆ. ಮಾಸ್ ಎಂದರೂ ಅದು ಪಾಚಿಯಲ್ಲ. ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ಕುಟುಂಬಕ್ಕೇ ಸೇರಿದ್ದು. ತೇವ, ಮಣ್ಣು, ತೊಗಟೆ, ಸ್ವಲ್ಪ ಉಪ್ಪು ಬೆರೆತಂತಹ ಅದರ ಗಂಧ ಇಡೀ ಪರ್ಫ್ಯೂಮ್‌ಗೆ ನೆಲ ಒದಗಿಸುತ್ತದೆ. ಅದರಲ್ಲಿರುವ ಅಟ್ರನಾಲ್ ಮತ್ತು ಕ್ಲೋರೋಅಟ್ರನಾಲ್ ಎಂಬ ಅಂಶಗಳು ಕೆಲವರ ಚರ್ಮಕ್ಕೆ ಅಲರ್ಜಿ ಉಂಟುಮಾಡುತ್ತವೆ. ಹೀಗಾಗಿ ಪರ್ಫ್ಯೂಮ್ ಉದ್ಯಮ ಓಕ್‌ಮಾಸ್ ಬಳಕೆಗೆ ಹಂತಹಂತವಾಗಿ ಮಿತಿ ಹಾಕುತ್ತ ಬಂತು. 2017ರಲ್ಲಿ ಯುರೋಪಿಯನ್ ಒಕ್ಕೂಟ ಈ ಎರಡು ಅಂಶಗಳನ್ನು ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿತು. ಈಗ ಅವನ್ನು ತೆಗೆದುಹಾಕಿ ಶುದ್ಧೀಕರಿಸಿದ ಓಕ್‌ಮಾಸ್ ಬಳಸಬೇಕು, ಇಲ್ಲವೇ ಬೇರೆ ವಸ್ತುಗಳಿಂದ ಅದರ ಭಾವ ತರಬೇಕು.

ಆದ್ದರಿಂದ ‘ಕಾಡಿನ ತೇವ’ ಎಂದವರ ಕೈಯಲ್ಲಿ ಹಳೆಯ ಬಾಟಲಿ ಇದ್ದಿರುವ ಸಾಧ್ಯತೆ ಹೆಚ್ಚು. ‘ರಸ ತುಂಬಿದ ಹಣ್ಣು’ ಎಂದವರು ಚೌಕ ಬಾಟಲಿಯದ್ದನ್ನು ಹಚ್ಚಿಕೊಂಡಿರಬಹುದು. ನನ್ನ ಮೂಗಿಗೆ ಹಳೆಯದೇ ಮೇಲು: ಹಣ್ಣಿನ ಸಿಹಿಯನ್ನು ತಡೆದು ಹಿಡಿಯುವ ಒಂದು ಕಹಿ ಅದರ ತಳದಲ್ಲಿ, ಅಂದರೆ ಕೊನೆಗೆ ಮೈಮೇಲೆ ಉಳಿಯುವ ಪರಿಮಳದಲ್ಲಿ ಇದೆ. ಹೊಸದು ಕೆಟ್ಟದ್ದೇನಲ್ಲ, ನಯವಾಗಿದೆ, ಕಚೇರಿಗೆ ಹೊಂದುತ್ತದೆ. ಆದರೆ ಆ ಕಹಿ ಅಲ್ಲಿ ತೆಳುವಾಗಿದೆ.

ಹೊತ್ತಿಗೊಂದು ಪರಿಮಳ

ಈ ಪರ್ಫ್ಯೂಮ್ ರೂಪಿಸಿದವರು ಸೋಫಿಯಾ ಗ್ರೋಸ್‌ಮನ್. ಬೆಲಾರೂಸ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದು ನೆಲೆಸಿದವರು. ಇದೇ ಸಂಸ್ಥೆಗೆ 1983ರಲ್ಲಿ ‘ಪ್ಯಾರಿಸ್’, ಲಾಂಕೋಮ್‌ಗೆ 1990ರಲ್ಲಿ ‘ಟ್ರೆಸೋರ್’ ಮಾಡಿಕೊಟ್ಟವರೂ ಅವರೇ. ಗುಲಾಬಿಯನ್ನೂ ಪೀಚ್‌ ಜಾತಿಯ ಹಣ್ಣುಗಳನ್ನೂ ತುಂಬುಗೈಯಿಂದ ಬಳಸುವುದು ಅವರ ಶೈಲಿ. ಟ್ರೆಸೋರ್ ನಿಮಗೆ ಇಷ್ಟವಾಗಿದ್ದರೆ ಈವ್ರೆಸ್ ಕಡೆಗೆ ಧೈರ್ಯವಾಗಿ ಹೋಗಬಹುದು. ಟ್ರೆಸೋರ್ ತಲೆನೋವು ತಂದಿದ್ದರೆ ಇದನ್ನೂ ಮೊದಲು ಪರೀಕ್ಷಿಸದೆ ಕೊಳ್ಳಬೇಡಿ.

ಹಚ್ಚಿದ ಮೊದಲ ಕೆಲವು ನಿಮಿಷ ನೆಕ್ಟರಿನ್ ಹಣ್ಣಿನದ್ದು. ಸಿಪ್ಪೆ ನುಣುಪಾಗಿರುವ ಪೀಚ್ ಎಂದರೆ ಅದೇ. ಜೊತೆಗೆ ಸೋಂಪು, ಪುದೀನ ಸೇರಿ ಮೂಗಿಗೆ ತಣ್ಣನೆಯ ಚುರುಕು ಮುಟ್ಟುತ್ತದೆ. ಹೆಸರಿನಲ್ಲಿದ್ದ ಶಾಂಪೇನ್ ಸಿಗುವುದು ಇಲ್ಲಿ ಮಾತ್ರ, ಅದೂ ಸ್ವಲ್ಪವೇ ಹೊತ್ತು. ಆಮೇಲೆ ಲಿಚಿ ಮತ್ತು ಗುಲಾಬಿ ಒಂದಾಗಿ ಬರುತ್ತವೆ. ಈ ಜೋಡಿ ಹಾಗೆ ಕೂಡಿಕೊಳ್ಳಲು ಕಾರಣವಿದೆ: ರೋಸ್ ಆಕ್ಸೈಡ್ ಎಂಬ ಪರಿಮಳದ ಅಂಶ ಗುಲಾಬಿ ಎಣ್ಣೆಯಲ್ಲೂ ಇದೆ, ಲಿಚಿಯಲ್ಲೂ ಇದೆ, ಗೆವುರ್ಟ್ಸ್‌ಟ್ರಾಮಿನರ್ ದ್ರಾಕ್ಷಿಯ ವೈನ್‌ನಲ್ಲೂ ಇದೆ. ಗುಲಾಬಿಯನ್ನು ಮೂಸುತ್ತಿರುವಾಗ ಕೆಲವರಿಗೆ ವೈನ್ ನೆನಪಾಗುವುದು ಭ್ರಮೆಯಲ್ಲ.

ಸುಮಾರು ಒಂದು ಗಂಟೆ ಕಳೆದ ಮೇಲೆ ತಳ ಮೇಲೆ ಬರುತ್ತದೆ: ಓಕ್‌ಮಾಸ್, ಮಣ್ಣಿನ ಗಂಧದ ಪಚೋಲಿ ಎಲೆ, ಲಾವಂಚ. ಬೇಸಿಗೆಯಲ್ಲಿ ಮಡಕೆಯ ನೀರಿಗೆ ಲಾವಂಚದ ಬೇರು ಹಾಕಿ ಕುಡಿದವರಿಗೆ ಈ ಭಾಗ ಅಪರಿಚಿತವಲ್ಲ. ಮೇಲೆ ಹಣ್ಣು ಅಥವಾ ಹೂ, ಕೆಳಗೆ ಓಕ್‌ಮಾಸ್ ಇಟ್ಟು ಕಟ್ಟುವ ಈ ಬಗೆಗೆ ಪರ್ಫ್ಯೂಮ್ ತಯಾರಕರು ‘ಶೀಪ್ರ್’ ಎನ್ನುತ್ತಾರೆ. ಫ್ರಾನ್ಸ್‌ನ ಪರ್ಫ್ಯೂಮ್ ತಯಾರಕ ಫ್ರಾಂಸ್ವಾ ಕೋಟಿ 1917ರಲ್ಲಿ ಅದೇ ಹೆಸರಿನಲ್ಲಿ ತಂದ ಪರ್ಫ್ಯೂಮ್‌ನಿಂದ ಈ ಬಗೆಗೆ ಹೆಸರು ನಿಂತಿತು. 1919ರಲ್ಲಿ ಗೆರ್ಲಾನ್‌ನ ‘ಮಿತ್ಸುಕೊ’ ಅದಕ್ಕೆ ಪೀಚ್ ಹಣ್ಣಿನ ಪರಿಮಳ ಸೇರಿಸಿತು. ಈವ್ರೆಸ್ ಆ ಮನೆತನದ್ದು. ಹಣ್ಣಿನ ಸಿಹಿಯ ಹಿಂದೆ ಗಂಭೀರವಾದ ಮರ, ಮಣ್ಣು ಇರುವುದು ಆ ಮನೆತನದ ಗುಣ. ಅಂಗಡಿಯಲ್ಲಿ ಕಾಗದದ ಪಟ್ಟಿಯ ಮೇಲೆ ಸಿಂಪಡಿಸಿ ಮೂಸಿದ ತಕ್ಷಣ ಅಭಿಪ್ರಾಯ ಹೇಳುವವರು ಮನೆಯ ಜಗುಲಿಯನ್ನಷ್ಟೇ ನೋಡಿ ಬಂದಿರುತ್ತಾರೆ.

ಶಾಂಪೇನ್ ಕುಡಿದು ಗೊತ್ತಿರುವವರ ನಿರಾಸೆಯೂ ಅರ್ಥವಾಗುವಂಥದ್ದೇ. ನಿಜವಾದ ಶಾಂಪೇನ್ ಬಾಟಲಿಯೊಳಗೆ ಎರಡನೆಯ ಸಲ ಹುದುಗುತ್ತದೆ. ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಸುಮಾರು 6 ಪಟ್ಟಿನಷ್ಟು ಏರುತ್ತದೆ. ಸಾಮಾನ್ಯ ಶಾಂಪೇನ್ ಕೂಡ ಕನಿಷ್ಠ 15 ತಿಂಗಳು ಬಾಟಲಿಯಲ್ಲಿ ಕಳೆಯಬೇಕೆಂಬ ನಿಯಮವಿದೆ. ಸತ್ತ ಯೀಸ್ಟ್‌ನ ಜೊತೆ ಹಾಗೆ ತಿಂಗಳುಗಟ್ಟಲೆ ಇರುವುದರಿಂದ ಅದಕ್ಕೆ ಆಗತಾನೇ ಬೇಯಿಸಿದ ಬ್ರೆಡ್‌ನ ಪರಿಮಳ ಬರುತ್ತದೆ. ಈವ್ರೆಸ್‌ನಲ್ಲಿ ಅದಿಲ್ಲ. ಇನ್ನು ಗುಳ್ಳೆಗಳು ಒಡೆದಾಗ ಮೂಗಿನಲ್ಲಿ ಆಗುವ ಚುಚ್ಚು ವಾಸನೆಯೇ ಅಲ್ಲ. ಅದು ಇಂಗಾಲದ ಡೈಆಕ್ಸೈಡ್ ಮುಖದ ಸ್ಪರ್ಶ, ನೋವುಗಳನ್ನು ತಿಳಿಸುವ ಟ್ರೈಜೆಮಿನಲ್ ನರವನ್ನು ಕೆರಳಿಸುವುದರಿಂದ ಆಗುವ ಸ್ಪರ್ಶ. ಯಾವ ಪರ್ಫ್ಯೂಮ್ ಕೂಡ ಅದನ್ನು ಬಾಟಲಿಯಲ್ಲಿ ಹಿಡಿದಿಡಲಾರದು. ಪುದೀನ, ಸೋಂಪು, ನಿಂಬೆ ಜಾತಿಯ ಹಣ್ಣು, ಆಲ್ಡಿಹೈಡ್ ಎಂಬ ರಾಸಾಯನಿಕಗಳ ಚುರುಕಿನಿಂದ ಅದನ್ನು ಸೂಚಿಸಬಹುದು, ಅಷ್ಟೇ. ಆದ್ದರಿಂದ ‘ಗುಳ್ಳೆ’ ಎಂಬ ಜಾಹೀರಾತಿನ ಮಾತಿಗೆ ಬೆಲೆ ಕೊಟ್ಟು ಹಣ ತೆರಬೇಡಿ. ನಾಲ್ಕೈದು ಗಂಟೆ ನಿಮ್ಮ ಮೈಮೇಲೆ ಉಳಿಯುವುದು ತಳದ ಪರಿಮಳ. ಆರಿಸುವಾಗ ಅದೇ ಮುಖ್ಯವಾಗಲಿ.

ಹುಳಿ ಎನ್ನುವವರ ಮಾತು

ನನ್ನ ಮನೆಯಲ್ಲೇ ಈ ಭೇದ ಇದೆ. ನನಗೆ ಮಾಗಿದ ಹಣ್ಣು, ಹೂ ಎನಿಸುವುದು ಅಕ್ಕನಿಗೆ ವಿನೆಗರ್ ಹತ್ತಿರದ ಹುಳಿಯಾಗಿ ಕಾಣುತ್ತದೆ. ಬಹಳ ಕಾಲ ಇದನ್ನು ರುಚಿಭೇದ ಎಂದೇ ನಾವು ಮಾತನಾಡಿಕೊಳ್ಳುತ್ತಿದ್ದೆವು. ಆದರೆ ವಾಸನೆಯ ವಿಜ್ಞಾನ ಇದಕ್ಕಿಂತ ಖಚಿತವಾದ ವಿವರಣೆ ಕೊಡುತ್ತದೆ.

ವಯಲೆಟ್ ಹೂವಿನ ಪರಿಮಳಕ್ಕೆ ಕಾರಣವಾದ ಬೀಟಾ-ಅಯೊನೋನ್ ಎಂಬ ಅಂಶ ಎಲ್ಲರ ಮೂಗಿಗೂ ಒಂದೇ ರೀತಿ ಕಾಣುವುದಿಲ್ಲ. ಒಆರ್5ಎ1 ಎಂಬ ಒಂದೇ ಜೀನ್‌ನಲ್ಲಿನ ವ್ಯತ್ಯಾಸದಿಂದ ಕೆಲವರು ಅದನ್ನು ಅತಿ ಸೂಕ್ಷ್ಮ ಪ್ರಮಾಣದಲ್ಲೂ ಹೂವಿನ ಪರಿಮಳವಾಗಿ ಗುರುತಿಸುತ್ತಾರೆ. ಇನ್ನು ಕೆಲವರಿಗೆ ಅದು ಬಹಳ ಹೆಚ್ಚಿದ್ದಾಗ ಮಾತ್ರ ತಿಳಿಯುತ್ತದೆ, ತಿಳಿದಾಗಲೂ ಹುಳಿಯಾಗಿ, ಘಾಟಾಗಿ ತಿಳಿಯುತ್ತದೆ. ಗುಲಾಬಿ ಎಣ್ಣೆಯಲ್ಲೂ ರಾಸ್ಪ್‌ಬೆರಿ ಹಣ್ಣಿನಲ್ಲೂ ಇದೇ ಅಂಶ ಇದೆ. ಗುಲಾಬಿ, ವಯಲೆಟ್ ಎರಡನ್ನೂ ಹೆಣೆದ ಈವ್ರೆಸ್‌ನಂತಹ ಪರ್ಫ್ಯೂಮ್ ಅಕ್ಕನಿಗೆ ಹಿಡಿಸದಿರಲು ಇದು ಕಾರಣವಿರಬಹುದು. ಅವಳಿಗೆ ಟ್ರೆಸೋರ್ ಕೂಡ ಹಿಡಿಸದು. ನಿಮಗೂ ವಯಲೆಟ್ ಹೂವಿನ ಪರ್ಫ್ಯೂಮ್‌ಗಳು ಹುಳಿ ಎನಿಸುತ್ತಿದ್ದರೆ ಈ ದಾರಿ ಬಿಟ್ಟು ಕಾರೋನ್ ಕಡೆಗೆ ನಡೆಯಿರಿ.

ಕಸ್ತೂರಿಯ ವಿಷಯವೂ ಹೀಗೆಯೇ. ಇಂದು ಪರ್ಫ್ಯೂಮ್‌ಗಳಲ್ಲಿ ಬಳಸುವ ಕೃತಕ ಕಸ್ತೂರಿಗಳಲ್ಲಿ ಕೆಲವು ಕೆಲವರಿಗೆ ಸ್ವಲ್ಪವೂ ಕಾಣಿಸುವುದಿಲ್ಲ. ‘ಒಂದು ಗಂಟೆಯಲ್ಲೇ ಹಾರಿಹೋಯಿತು’ ಎಂದು ಹಚ್ಚಿಕೊಂಡವರು ದೂರುತ್ತಿರುವಾಗ ಪಕ್ಕದಲ್ಲಿ ಕುಳಿತವರಿಗೆ ಅದು ಚೆನ್ನಾಗಿ ಬರುತ್ತಿರಬಹುದು. ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ನೀವೇ ತೀರ್ಮಾನಿಸಬೇಡಿ, ಮನೆಯವರನ್ನು ಕೇಳಿ.

ಉಳಿದ ಮೂರು

ಕಾರೋನ್‌ನ ‘ರಾಯಲ್ ಬ್ಯಾಂ ದ ಶಾಂಪೇನ್’ 1941ರದ್ದು, ಈವ್ರೆಸ್‌ಗಿಂತ ಅರ್ಧ ಶತಮಾನ ಹಿರಿಯದು. ಶಾಂಪೇನ್ ಬಾಟಲಿಯ ಆಕಾರದಲ್ಲೇ ಅದನ್ನು ತುಂಬಿ ಮಾರುತ್ತಿದ್ದರು. ಸ್ನಾನವಾದ ಮೇಲೆ ಮೈಗೆಲ್ಲ ಧಾರಾಳವಾಗಿ ಹಚ್ಚಿಕೊಳ್ಳುವುದಕ್ಕೆ ಎಂಬ ಕಲ್ಪನೆ. ಅದರ ಹೆಸರಿನಿಂದಲೂ ಶಾಂಪೇನ್ ಹೋಗಿ ‘ರಾಯಲ್ ಬ್ಯಾಂ ದ ಕಾರೋನ್’ ಆಯಿತು. ಹಣ್ಣಿನ ನಿರೀಕ್ಷೆಯಲ್ಲಿ ಇದನ್ನು ತೆರೆದವರು ತಬ್ಬಿಬ್ಬಾಗುತ್ತಾರೆ. ಹೂ, ಲೋಬಾನ, ವೆನಿಲ್ಲಾ, ಗಂಧದ ಮರ ಸೇರಿದ ಬೆಚ್ಚಗಿನ, ಪೌಡರಿನಂತಹ ಪರಿಮಳ ಇದರದ್ದು. ಗುಳ್ಳೆಯೂ ಇಲ್ಲ, ದ್ರಾಕ್ಷಿಯೂ ಇಲ್ಲ. ಗಂಧದ ಸೋಪು, ಸಾಂಬ್ರಾಣಿ ಹೊಗೆಯ ನಡುವೆ ಬೆಳೆದ ನಮ್ಮವರಿಗೆ ಈ ನಾಲ್ಕರಲ್ಲಿ ಅತಿ ಬೇಗ ಆಪ್ತವಾಗುವುದು ಇದೇ ಎಂದು ನನ್ನ ಅನಿಸಿಕೆ. ತಾಯಿಗೆ, ಅತ್ತೆಗೆ ಕೊಡಲು ಯೋಚಿಸುವವರು ಇಲ್ಲಿಂದ ಆರಂಭಿಸಲಿ.

‘ಡೋಮ್ ರೋಸಾ’ 2013ರದ್ದು. ವೈನ್‌ಗಳನ್ನೇ ವಸ್ತುವಾಗಿಟ್ಟುಕೊಂಡ ಮೂರು ಪರ್ಫ್ಯೂಮ್‌ಗಳ ಗುಂಪಿನಲ್ಲಿ ಶಾಂಪೇನ್ ಪಾಲು ಇದಕ್ಕೆ ಬಂತು. ಉಳಿದೆರಡರಲ್ಲಿ ಒಂದು ಕೆಂಪು ವೈನ್‌ನ ಕುರಿತದ್ದು, ಇನ್ನೊಂದು ಪೋರ್ಟ್ ವೈನ್‌ನ ಕುರಿತದ್ದು. ಡೋಮ್ ರೋಸಾದಲ್ಲಿರುವುದು ಪೇರ್ ಹಣ್ಣು, ಚಕ್ಕೋತದ ಜಾತಿಯ, ಕಹಿ ಛಾಯೆ ಇರುವ ಗ್ರೇಪ್‌ಫ್ರೂಟ್, ಗುಲಾಬಿ, ಲವಂಗ, ಧೂಪ, ಮರ. ಹಚ್ಚಿದ ಕ್ಷಣದಲ್ಲಿ ವೈನ್‌ಗೆ ಅತಿ ಸಮೀಪ ಬರುವುದು ಇದು. ಆದರೆ ಬೇಗನೇ ಗಂಭೀರವಾಗುತ್ತದೆ, ಧೂಪದ ಕಡೆಗೆ ಹೊರಳುತ್ತದೆ. ಬೆಲೆ ಹೆಚ್ಚು, ಎಲ್ಲ ಕಡೆ ಸಿಗುವುದೂ ಇಲ್ಲ. ಪರ್ಫ್ಯೂಮ್‌ನಲ್ಲಿ ಈಗಾಗಲೇ ಆಸಕ್ತಿ ಬೆಳೆಸಿಕೊಂಡವರು ಮಾದರಿ ಸೀಸೆ ತರಿಸಿ ನೋಡಬಹುದು. ಮೊದಲ ಪರ್ಫ್ಯೂಮ್ ಕೊಳ್ಳುವವರಿಗೆ ನಾನು ಹೇಳುವುದಿಲ್ಲ.

‘ಶಾಂಪೇನ್ ಟೋಸ್ಟ್’ ಅಮೆರಿಕದ ಸಂಸ್ಥೆಯದ್ದು, ಭಾರತದ ದೊಡ್ಡ ನಗರಗಳಲ್ಲಿಯೂ ಅವರ ಮಳಿಗೆಗಳಿವೆ. ಮೈಗೆ ಸಿಂಪಡಿಸುವ ಮಿಸ್ಟ್, ಲೋಷನ್, ಮೇಣದಬತ್ತಿ ಎಲ್ಲದರಲ್ಲೂ ಈ ಪರಿಮಳ ಸಿಗುತ್ತದೆ. ಬೆರಿ ಹಣ್ಣು, ಕಿತ್ತಳೆ ಜಾತಿಯ ಟ್ಯಾಂಜರಿನ್, ಸಕ್ಕರೆಯಂತಹ ಸಿಹಿ. ತಳದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ಬೇಗ ಮಾಯವಾಗುತ್ತದೆ. ಆದರೆ ಹೇಳಿದ್ದನ್ನು ಪ್ರಾಮಾಣಿಕವಾಗಿ ಕೊಡುತ್ತದೆ: ಹಣ್ಣು, ಚುರುಕು, ಉಲ್ಲಾಸ. ಕಾಲೇಜಿಗೆ ಹೋಗುವ ಹುಡುಗಿಯರಿಗೆ, ದಿನವೂ ಬಸ್ಸಿನಲ್ಲಿ ಓಡಾಡುವವರಿಗೆ, ಗಾಢ ಪರಿಮಳ ಸಹಿಸದ ಸಹೋದ್ಯೋಗಿಗಳ ನಡುವೆ ಕೆಲಸ ಮಾಡುವವರಿಗೆ ಇದು ಸಾಕು. ಇದನ್ನು ಈವ್ರೆಸ್ ಜೊತೆ ತೂಗಿ ‘ಎರಡೂ ಒಂದೇ, ಒಂದು ಅಗ್ಗ’ ಎನ್ನುವವರ ಮಾತನ್ನು ಮಾತ್ರ ನಾನು ಒಪ್ಪಲಾರೆ. ಮೊದಲ ಐದು ನಿಮಿಷದ ನಂತರ ಇವೆರಡಕ್ಕೂ ಸಂಬಂಧವೇ ಇಲ್ಲ.

ಮದ್ಯ ಮುಟ್ಟದ ಮನೆಗಳಲ್ಲಿ ಏಳುವ ಪ್ರಶ್ನೆಯೊಂದಿದೆ: ಇವುಗಳಲ್ಲಿ ಮದ್ಯದ ವಾಸನೆ ಇರುತ್ತದೆಯೇ? ಇವುಗಳಲ್ಲಿ ಯಾವುದೂ ವೈನ್ ಹಾಕಿ ಮಾಡಿದ್ದಲ್ಲ. ಬಹುತೇಕ ಎಲ್ಲ ಪರ್ಫ್ಯೂಮ್‌ಗಳಲ್ಲಿ ಇರುವಂತೆ ಕುಡಿಯಲು ಬಾರದ ಆಲ್ಕೋಹಾಲ್ ಇದೆ, ಅದು ಹಚ್ಚಿದ ಕೂಡಲೇ ಆರಿಹೋಗುತ್ತದೆ. ಡೋಮ್ ರೋಸಾದ ಆರಂಭದಲ್ಲಿ ಮಾತ್ರ ವೈನ್‌ನ ಸುಳಿವು ಸ್ಪಷ್ಟ. ಹಿರಿಯರ ಎದುರು ಸಂಕೋಚವಾಗುತ್ತದೆ ಎನ್ನುವವರು ಅದನ್ನು ಬಿಟ್ಟರೆ ಸಾಕು.

ನಮ್ಮ ಹವೆ, ನಮ್ಮ ಬಟ್ಟೆ

ಇವೆಲ್ಲ ತಂಪು ದೇಶಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ ಪರ್ಫ್ಯೂಮ್‌ಗಳು. ಬಿಸಿಲು ಹೆಚ್ಚಿದಷ್ಟೂ ಪರಿಮಳ ಬೇಗ ಮೇಲೇಳುತ್ತದೆ, ಸಿಹಿ ಉಕ್ಕಿ ಬರುತ್ತದೆ. ಬೆಂಗಳೂರಿನ ಡಿಸೆಂಬರ್ ಸಂಜೆಯಲ್ಲಿ, ಮಡಿಕೇರಿಯ ಮಳೆಯಲ್ಲಿ ಈವ್ರೆಸ್ ಬಹಳ ಸೊಗಸು. ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಅದೇ ಎರಡು ಸಿಂಪಡಣೆ ಹೆಚ್ಚಾಗಿ ಉಸಿರು ಕಟ್ಟಿಸಬಹುದು. ಅಲ್ಲಿ ಒಂದೇ ಸಾಕು, ಅದೂ ಕುತ್ತಿಗೆಗಲ್ಲ, ಮೊಣಕೈ ಒಳಭಾಗಕ್ಕೆ. ದುಬೈಯಂತಹ ಊರುಗಳಲ್ಲಿರುವ ಕನ್ನಡಿಗರು ಹವಾನಿಯಂತ್ರಿತ ಕೋಣೆಯೊಳಗೆ ಹಚ್ಚಿಕೊಂಡು ಅಳೆಯದೆ, ಹೊರಗೆ ಕಾಲಿಟ್ಟಾಗ ಹೇಗಿರುತ್ತದೆ ಎಂದು ನೋಡಿ ನಿರ್ಧರಿಸಲಿ.

ರೇಷ್ಮೆ ಸೀರೆಯ ಮೇಲೆ, ಜರಿಯ ಮೇಲೆ ನೇರವಾಗಿ ಸಿಂಪಡಿಸಬೇಡಿ, ಕಲೆ ಉಳಿಯುತ್ತದೆ. ಮೊದಲು ಮೈಗೆ ಹಚ್ಚಿ, ಆರಿದ ಮೇಲೆ ಉಟ್ಟುಕೊಳ್ಳಿ. ಮುಡಿದ ಮಲ್ಲಿಗೆಯ ಜೊತೆ ಈವ್ರೆಸ್ ಹೊಂದುವುದಿಲ್ಲ. ಮಲ್ಲಿಗೆಯೂ ಕೆಡುತ್ತದೆ, ಪರ್ಫ್ಯೂಮ್ ಕೂಡ ಕೆಡುತ್ತದೆ. ಮಲ್ಲಿಗೆ ಮುಡಿದ ದಿನ ಏನನ್ನೂ ಹಚ್ಚಿಕೊಳ್ಳದಿರುವುದೇ ಚೆಂದ. ಹಚ್ಚಲೇಬೇಕಿದ್ದರೆ ಕಾರೋನ್ ಒಂದು ಹನಿ.

ಹಳೆಯ ಬಾಟಲಿ ಕೊಳ್ಳುವಾಗ

ಹಳೆಯ ಈವ್ರೆಸ್ ಈಗ ಸಿಗುವುದು ಹೆಚ್ಚಾಗಿ ಕೈಬದಲಾದ ಬಾಟಲಿಗಳ ಮಾರುಕಟ್ಟೆಯಲ್ಲಿ. ರಟ್ಟಿನ ಪೆಟ್ಟಿಗೆ ಉಳಿದಿದ್ದರೆ ಅದರ ಅಡಿಭಾಗದ ಪದಾರ್ಥಗಳ ಪಟ್ಟಿ ನೋಡಿ. ಯುರೋಪಿನಲ್ಲಿ 2005ರಿಂದ ಅಲರ್ಜಿ ತರಬಲ್ಲ 26 ಪರಿಮಳ ಅಂಶಗಳ ಹೆಸರನ್ನು ಪಟ್ಟಿಯಲ್ಲಿ ಬಿಡಿಯಾಗಿ ಬರೆಯುವುದು ಕಡ್ಡಾಯವಾಯಿತು. ಲಿನಲೂಲ್, ಜೆರಾನಿಯಾಲ್, ಓಕ್‌ಮಾಸ್‌ನ ವೈಜ್ಞಾನಿಕ ಹೆಸರು ಮುಂತಾದವು ಪಟ್ಟಿಯಲ್ಲಿ ಇಲ್ಲದಿದ್ದರೆ ಆ ಬಾಟಲಿ ಅದಕ್ಕಿಂತ ಹಿಂದಿನದ್ದಾಗಿರುವ ಸಂಭವ ಹೆಚ್ಚು. ಪೆಟ್ಟಿಗೆಯಿಲ್ಲದೆ ಬೆಳಕಿನಲ್ಲಿ ಇಟ್ಟಿದ್ದ ಬಾಟಲಿ ಬೇಡ, ದ್ರವದ ಬಣ್ಣ ಕಡು ಕಂದಾದದ್ದೂ ಬೇಡ.

ಹಳೆಯ ಬಾಟಲಿಯಲ್ಲಿ ಮೊದಲು ಕೆಡುವುದು ಮೇಲ್ಪದರ, ಅಂದರೆ ಹಣ್ಣು ಮತ್ತು ಚುರುಕು. ತೆರೆದಾಗ ನೇಲ್ ಪಾಲಿಶ್‌ನ ವಾಸನೆ ಬಂದರೆ ಕೂಡಲೇ ಎಸೆಯಬೇಡಿ. ಚರ್ಮದ ಮೇಲೆ ಕಾಲು ಗಂಟೆ ಬಿಟ್ಟು ಮತ್ತೆ ಮೂಸಿ. ಆ ವಾಸನೆ ಹೋಗಿ ಗುಲಾಬಿ, ಲಾವಂಚ ಬಂದರೆ ತಳ ಚೆನ್ನಾಗಿದೆ ಎಂದರ್ಥ. ಹೋಗದಿದ್ದರೆ ಬಾಟಲಿ ಕೆಟ್ಟಿದೆ. ‘ಹಣ್ಣು ಕೊಳೆತಿದೆ’ ಎಂದು ಬೇಸರಗೊಂಡವರಲ್ಲಿ ಹಲವರು ಮೂಸಿದ್ದು ಇಂಥ ಬಾಟಲಿಯನ್ನು ಎಂದು ನಾನು ನಂಬಿದ್ದೇನೆ. ಚರ್ಮ ಸೂಕ್ಷ್ಮವಾಗಿರುವವರು ಹಳೆಯದರ ಆಸೆ ಬಿಟ್ಟು ಚೌಕ ಬಾಟಲಿಯದ್ದನ್ನೇ ನೋಡುವುದು ಕ್ಷೇಮ.

ಪರ್ಫ್ಯೂಮ್ ಬೆಂಕಿ ಹಿಡಿಯುವ ಸರಕಾದ್ದರಿಂದ ವಿಮಾನದ ಅಂಚೆಗೆ ಹಲವು ನಿರ್ಬಂಧಗಳಿವೆ. ಹೊರದೇಶದಿಂದ ತರಿಸುವುದಾದರೆ ಬರುವ ನೆಂಟರ ಕೈಯಲ್ಲಿ, ದೊಡ್ಡ ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ಇಡಿಸಿ ತರಿಸುವುದು ಸುಲಭ. ಅದಕ್ಕೂ ಮೊದಲು 2 ಮಿಲಿಲೀಟರ್‌ನ ಮಾದರಿ ಸೀಸೆ ಸಿಕ್ಕರೆ ಅದನ್ನು ಕೊಂಡು ಒಂದು ಬಿಸಿಲ ಹಗಲು, ಒಂದು ತಂಪು ಸಂಜೆ ಹಚ್ಚಿಕೊಂಡು ನೋಡಿ. ಎರಡೂ ದಿನ ನಾಲ್ಕನೆಯ ಗಂಟೆಯಲ್ಲಿ ಮಣಿಕಟ್ಟು ಮೂಸಿದಾಗ ಇನ್ನೊಮ್ಮೆ ಮೂಸಬೇಕೆನಿಸಿದರೆ ಬಾಟಲಿ ಕೊಳ್ಳಿ.